ಗಾಯಕ್ಕೆ ಹಿಂಡುವ ಸೊಪ್ಪು ಯಾವುದು?



ಆಟದ ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿದಾಗ, ಬೇಲಿಯ ಬದಿಯ ಸೊಪ್ಪೊಂದನ್ನು ಕಿತ್ತು ಅಂಗೈಯಲ್ಲಿ ಹೊಸೆದು ರಸ ಹಿಂಡುವುದನ್ನು ನೀವು ನೋಡಿರಬಹುದು. ಆ ಸೊಪ್ಪು ಸಾಮಾನ್ಯವಾಗಿ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಕೆಲವೆಡೆ ಇದನ್ನು ಗಬ್ಬು ಸಣ್ಣ ಶಾವಂತಿ ಎನ್ನುತ್ತಾರೆ. ಆದರೆ ಅದೇ ಬೇಲಿಯ ಬದಿಯಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆಯೂ ಬೆಳೆದಿರುತ್ತದೆ. ಎರಡೂ ಅಮೆರಿಕದ ಉಷ್ಣ ಪ್ರದೇಶಗಳಿಂದ ಬಂದವು. ಎರಡೂ ಸೂರ್ಯಕಾಂತಿಯ ಕುಟುಂಬದವು. ಅವಸರದ ಕೈ ಎರಡನೆಯದನ್ನು ಕಿತ್ತರೆ, ಅದು ಒಗ್ಗದವರ ಚರ್ಮ ತುರಿಸಿ ಕೆಂಪಾಗಿ ಹುಣ್ಣಾಗುವುದುಂಟು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? 'ಬಿಳಿ ಹೂವು' ಎಂದಷ್ಟೇ ನೆನಪಿಟ್ಟುಕೊಂಡರೆ ಮೋಸ ಹೋಗುತ್ತೀರಿ. ಮೊದಲು ಎಲೆ ನೋಡಿ. ಟ್ರೈಡ್ಯಾಕ್ಸ್‌ನಲ್ಲಿ ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಇರುತ್ತವೆ. ಅಂಚು ಗರಗಸದಂತೆ, ಮೈಯೆಲ್ಲ ಒರಟು ರೋಮ. ಪಾರ್ಥೇನಿಯಂನಲ್ಲಿ ಎಲೆಗಳು ಒಂದಾದ ಮೇಲೊಂದು ಬರುತ್ತವೆ. ಗಜ್ಜರಿ ಸೊಪ್ಪಿನಂತೆ ಆಳವಾಗಿ ಸೀಳಿರುತ್ತವೆ. ಎಳೆಯ ಗಿಡದಲ್ಲಿ ಅವು ನೆಲಕ್ಕೆ ಅಂಟಿ ಚಕ್ರದಂತೆ ಹರಡಿರುತ್ತವೆ. ಆಗ ಹೂವೇ ಇರುವುದಿಲ್ಲ, ಎಲೆಯೊಂದೇ ಸಾಕ್ಷಿ. ಇನ್ನು ನಿಲುವು. ಪ್ರೊಕಂಬೆನ್ಸ್ ಎಂದರೆ ನೆಲಕ್ಕೆ ಒರಗಿದ್ದು ಎಂದರ್ಥ. ಒರಗಿದ ಆ ಕಾಂಡದಿಂದ ಗೇಣುದ್ದದ ತೊಟ್ಟು ಎದ್ದು, ಅದರ ತುದಿಯಲ್ಲಿ ಒಂದೇ ಒಂದು ಹೂ ಅರಳುತ್ತದೆ. ಪಾರ್ಥೇನಿಯಂ ನೆಟ್ಟಗೆ ಎದೆಮಟ್ಟಕ್ಕೂ ಬೆಳೆದು, ಕವಲೊಡೆದು, ಅಕ್ಕಿ ಚೆಲ್ಲಿದಂತೆ ಹೂ ಬಿಡುತ್ತದೆ.

'ಒಂದು ಹೂ' ಎಂದೆ. ಸಸ್ಯಶಾಸ್ತ್ರದ ಅಧ್ಯಾಪಕರು ಒಪ್ಪಲಾರರು. ಭೂತಗನ್ನಡಿ ಹಿಡಿದು ನೋಡಿ, ಅದೊಂದು ಪುಷ್ಪಮಂಜರಿ, ಹತ್ತಾರು ಕಿರುಹೂಗಳ ಸಂತೆ! ಟ್ರೈಡ್ಯಾಕ್ಸ್‌ನಲ್ಲಿ ನಡುವೆ ಹಳದಿ ಕಿರುಹೂಗಳು, ಸುತ್ತ ಸಾಮಾನ್ಯವಾಗಿ ಐದಾರು ಕೆನೆಬಣ್ಣದ ಎಸಳುಗಳು. ಒಂದೊಂದರ ತುದಿಯಲ್ಲೂ ಮೂರು ಹಲ್ಲು. ಪಾರ್ಥೇನಿಯಂನದು ಸುಮಾರು 4 ಮಿಲಿಮೀಟರಿನ ಬಿಳಿ ಗುಂಡಿ. ಅದರ ಅಂಚಿನಲ್ಲೂ ಐದು ಪುಟ್ಟ ಎಸಳುಗಳಿವೆ, ಬರಿಗಣ್ಣಿಗೆ ಕಾಣುವುದು ಕಷ್ಟ. ಬೀಜ ಕಟ್ಟುವುದು ಆ ಐದು ಮಾತ್ರ. ನಡುವಿನವು ಪರಾಗ ಕೊಡುವ ಗಂಡು ಹೂಗಳು. ಬರೀ ಐದೇ ಎಂದು ಹಗುರಾಗಿ ಎಣಿಸಬೇಡಿ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಎಷ್ಟು ಮಂಜರಿಗಳಾದವು, ನೀವೇ ಲೆಕ್ಕ ಹಾಕಿ.

1955ರಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದ ಈ ಕಳೆ ಮುಂದೆ ದೇಶವನ್ನೆಲ್ಲ ವ್ಯಾಪಿಸಿತು. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಜೈಗೋಗ್ರಾಮ ಎಂಬ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಗಿಡದ ಎಲೆಗಳು ತೂತಾಗಿ ಬೋಳಾಗಿದ್ದರೆ ಅದರ ಕೆಲಸವಿರಬಹುದು.

ಶ್ರಮದಾನದ ದಿನ ಕಾಂಗ್ರೆಸ್ ಕಳೆ ಕೀಳಬೇಕಾಗಿ ಬಂದರೆ ಹೂ ಬಿಡುವ ಮುನ್ನವೇ ಬುಡಸಮೇತ ಕೀಳಿ. ಕೈಗೆ ಗವಸು ಇಲ್ಲವೆ ಪ್ಲಾಸ್ಟಿಕ್ ಚೀಲ ಇರಲಿ. ಮೊಣಕಾಲಿನ ಗಾಯಕ್ಕೆ ಮೊದಲು ಸಾಬೂನು, ನೀರು. ಸೊಪ್ಪಿನ ಮಾತು ಆಮೇಲೆ.

ಇನ್ನೂ ಅನುಮಾನವೇ? ಬಲಿತ ಟ್ರೈಡ್ಯಾಕ್ಸ್ ತಲೆಯೊಂದನ್ನು ಉಫ್ ಎಂದು ಊದಿ. ಒಂದೊಂದು ಕಾಯಿಯೂ ಬೆಳ್ಳನೆಯ ಕುಚ್ಚು ಬಿಚ್ಚಿ ಗಾಳಿಯಲ್ಲಿ ತೇಲುತ್ತದೆ. ಪಾರ್ಥೇನಿಯಂನ ಬೀಜಕ್ಕೆ ಆ ಕುಚ್ಚಿಲ್ಲ. ಅದು ಹರಿಯುವ ನೀರಿನಲ್ಲಿ, ಲಾರಿಯ ಗಾಲಿಗೆ ಮೆತ್ತಿದ ಕೆಸರಿನಲ್ಲಿ, ನಿಮ್ಮ ಚಪ್ಪಲಿಯ ಅಡಿಯಲ್ಲಿ ಊರೂರು ಸುತ್ತುತ್ತದೆ.