ಅರಿಶಿನದ ಬೀಜಗಡ್ಡೆ: ಆಯ್ಕೆ ಮತ್ತು ಸಂರಕ್ಷಣೆ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಸೀಮೆಯ ನೀರಾವರಿ ಭೂಮಿಗಳಲ್ಲಿ ಅರಿಶಿನವು ಕಬ್ಬಿನ ನೆರೆಯಲ್ಲಿಯೇ ಬೆಳೆಯುವ ಪೈರು. ಸಾಂಗಲಿಯ ಪೇಟೆಯು ಸಮೀಪವಿರುವುದರಿಂದ ಮಾಲಿಗೆ ಗಿರಾಕಿಯ ಕೊರತೆಯಿಲ್ಲ. ಆದರೂ ಎಂಟೊಂಬತ್ತು ತಿಂಗಳು ದುಡಿದ ಒಕ್ಕಲಿಗನು ಕೀಳುವ ಕಾಲಕ್ಕೆ ಕೊಳೆತ ಗಡ್ಡೆಗಳನ್ನು ಕಂಡು ಕೈಚೆಲ್ಲುವುದುಂಟು. ಅನೇಕ ವೇಳೆ ಈ ನಷ್ಟದ ಮೂಲವು ನಾಟಿಯ ದಿನವೇ ಹೊಲವನ್ನು ಸೇರಿರುತ್ತದೆ.

ಅರಿಶಿನದ ಕುಲವೇ ಕಾಡಿನದು. ಅದರ ಬಂಧುವಾದ ಕಸ್ತೂರಿ ಅರಿಶಿನವು ಇಂದಿಗೂ ಸಹ್ಯಾದ್ರಿಯ ಮರಗಳ ಕೆಳಗೆ ತಾನಾಗಿ ಬೆಳೆಯುತ್ತದೆ. ಅದರ ಎಲೆಗಳು ಒಣಗಿ ಬಿದ್ದರೂ ಗಡ್ಡೆಯು ನೆಲದೊಳಗೆ ಜೀವ ಹಿಡಿದಿದ್ದು, ಮುಂಗಾರಿಗೆ ಮತ್ತೆ ಚಿಗುರುತ್ತದೆ. ತರಗೆಲೆಯ ಹೊದಿಕೆ, ಸಡಿಲವಾದ ಮಣ್ಣು, ನಿಲ್ಲದೆ ಬಸಿದುಹೋಗುವ ನೀರು, ಈ ಮೂರನ್ನೇ ಹೊಲದ ಅರಿಶಿನವೂ ಬಯಸುತ್ತದೆ.

ಮತ್ತೊಂದು ಮಾತನ್ನು ನೆನಪಿಡತಕ್ಕದ್ದು. ಅರಿಶಿನವು ಹೂವು ಬಿಟ್ಟರೂ ಬೀಜ ಕಟ್ಟುವುದಿಲ್ಲ. ಅದರ ಜೀವಕೋಶಗಳಲ್ಲಿ ವರ್ಣತಂತುಗಳ ಗಣಗಳು ಎರಡರ ಬದಲು ಮೂರು ಇರುವುದೇ ಇದಕ್ಕೆ ಕಾರಣ. ಆದುದರಿಂದ ನೆಡುವ ಗಡ್ಡೆಯು ಹೊಸ ಸಂತಾನವಲ್ಲ. ಹಳೆಯ ಗಿಡದ ದೇಹದ ಒಂದು ತುಂಡೇ ಆಗಿದೆ. ಹಿಂದಿನ ವರ್ಷದ ರೋಗವೂ ಅದರೊಡನೆಯೇ ಬರಬಹುದು.

ಬೀಜದ ಆಯ್ಕೆಯನ್ನು ಗಡ್ಡೆ ಕಿತ್ತ ಮೇಲೆ ಮಾಡುವುದು ತಡವಾದೀತು. ಎಲೆಗಳು ಹಸಿರಾಗಿರುವಾಗಲೇ ಹೊಲದಲ್ಲಿ ತಿರುಗಾಡಿ, ರೋಗವಿಲ್ಲದ ಮಡಿಗಳನ್ನು ಗುರುತಿಸಬೇಕು. ಕೊಳೆ ಕಾಣಿಸಿಕೊಂಡ ಮಡಿಯ ಗಡ್ಡೆ ಎಷ್ಟೇ ದಪ್ಪವಾಗಿದ್ದರೂ ಅದನ್ನು ಬೀಜಕ್ಕೆ ಇಡಬಾರದು. ಆರಿಸಿದ ಗಡ್ಡೆಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ರಾಶಿ ಹಾಕಿ ಅರಿಶಿನದ ಎಲೆಗಳಿಂದ ಮುಚ್ಚಬೇಕು. ನಡುನಡುವೆ ರಾಶಿಯನ್ನು ನೋಡಿ, ಮೆತ್ತಗಾದವುಗಳನ್ನು ತೆಗೆದುಹಾಕಬೇಕು. ಎಕರೆಗೆ ಸುಮಾರು 8ರಿಂದ 10 ಕ್ವಿಂಟಲ್ ಬೀಜಗಡ್ಡೆ ಬೇಕಾಗುತ್ತದೆ.

ಅಕ್ಷಯ ತೃತೀಯೆಯ ಸುಮಾರಿಗೆ ನಾಟಿಯನ್ನು ಆರಂಭಿಸಬಹುದು. ಕೃಷ್ಣಾತೀರದ ಎರೆಭೂಮಿಯು ನೀರನ್ನು ಹಿಡಿದಿಡುವುದರಿಂದ ಅಲ್ಲಿ ಬೋದುಗಳನ್ನು ಎತ್ತರವಾಗಿ ಕಟ್ಟಿ, ಹೊಲದ ತಗ್ಗಿನ ಬದಿಗೆ ಬಸಿಗಾಲುವೆ ತೆಗೆಯಬೇಕು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದೊಡನೆ ಟ್ರೈಕೋಡರ್ಮಾ ಎಂಬ ಹಿತಕಾರಿ ಶಿಲೀಂಧ್ರವನ್ನು ಬೆರೆಸಿ ಮಣ್ಣಿಗೆ ಸೇರಿಸುವುದು ಲೇಸು. ನೆಟ್ಟ ಮೇಲೆ ಬೋದುಗಳಿಗೆ ಸೊಪ್ಪನ್ನಾಗಲಿ ಕಬ್ಬಿನ ರವದಿಯನ್ನಾಗಲಿ ಹೊದಿಸಬೇಕು. ಸುಟ್ಟು ಬೂದಿಮಾಡುವ ರವದಿಯೇ ಇಲ್ಲಿ ಕಾಡಿನ ತರಗೆಲೆಯ ಕೆಲಸ ಮಾಡುತ್ತದೆ. ಔಡಲದ ವಿರಳ ನೆರಳನ್ನು ಅರಿಶಿನವು ಸಹಿಸುತ್ತದೆ. ದಟ್ಟವಾದ ನೆರಳಿನಲ್ಲಿ ಗಡ್ಡೆ ಬಡವಾಗುತ್ತದೆ. ಗಡ್ಡೆ ಹೊರಗೆ ಕಾಣದಂತೆ ಕಾಲಕಾಲಕ್ಕೆ ಮಣ್ಣು ಏರಿಸಬೇಕು.

ಮಳೆಗಾಲದಲ್ಲಿ ಕೆಳಗಿನ ಎಲೆಗಳ ಅಂಚು ಹಳದಿಯಾಗಿ ಒಣಗತೊಡಗಿ, ಕಾಂಡದ ಬುಡವು ನೀರು ನೆನೆದಂತೆ ಮೆತ್ತಗಾಗಿ, ಎಳೆದೊಡನೆ ಗಿಡ ಕಿತ್ತುಬಂದರೆ ಅದು ಗಡ್ಡೆಕೊಳೆ ಎಂದು ತಿಳಿಯಬೇಕು. ಅಂಥ ಗಿಡವನ್ನು ಬುಡದ ಮಣ್ಣಿನ ಸಹಿತ ಅಗೆದು ಹೊಲದಿಂದ ದೂರ ಸಾಗಿಸತಕ್ಕದ್ದು. ಆ ಸಾಲಿನ ನೀರು ಪಕ್ಕದ ಸಾಲಿಗೆ ಹರಿಯಬಾರದು. ಮರುವರ್ಷ ಆ ನೆಲದಲ್ಲಿ ಅರಿಶಿನವನ್ನಾಗಲಿ ಶುಂಠಿಯನ್ನಾಗಲಿ ಬೆಳೆಯದೆ ಬೇರೆ ಪೈರನ್ನು ಹಾಕಬೇಕು.

ಧಾರಣೆ ಏರಿದ ವರ್ಷ ಒಳ್ಳೆಯ ಗಡ್ಡೆಗಳೆಲ್ಲ ಬೇಯಿಸುವ ಕಡಾಯಿಗೆ ಹೋಗಿ, ಉಳಿದ ಪೀಚು ಗಡ್ಡೆಗಳು ಬೀಜವಾಗುವುದುಂಟು. ಆ ವರ್ಷದ ಲಾಭವು ಮುಂದಿನ ವರ್ಷದ ಸಾಲವಾಗಿ ತಿರುಗಲು ಇಷ್ಟು ಸಾಕು. ಆದಕಾರಣ ಮಾರುವ ಗಡ್ಡೆಯನ್ನು ಅಳೆಯುವ ಮೊದಲೇ ನೆಡುವ ಗಡ್ಡೆಯನ್ನು ತೆಗೆದಿಡತಕ್ಕದ್ದು.