ಕೂಲಿಯ ಚಪ್ಪಾಳೆ

ಹೊಗಳುಭಟ್ಟ ಎಂಬ ಮಾತನ್ನು ನಾವು ಇಂದು ತಿರಸ್ಕಾರದಿಂದಲೇ ಬಳಸುತ್ತೇವೆ. ಆದರೆ ಆ ವೃತ್ತಿಯಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿತ್ತೆಂಬುದನ್ನು ಮರೆಯುತ್ತೇವೆ. ಅರಸನ ಮುಂದೆ ನಡೆಯುತ್ತ ಅವನ ಬಿರುದಾವಳಿಯನ್ನು ಸಾರುತ್ತಿದ್ದವರು ಯಾರ ಅನ್ನವನ್ನು ಉಣ್ಣುತ್ತಿದ್ದರೆಂಬುದು ಬೀದಿಯ ಬದಿಯಲ್ಲಿ ನಿಂತ ಹುಡುಗನಿಗೂ ತಿಳಿದಿತ್ತು. ಅವರ ಮಾತಿನಿಂದ ಎಷ್ಟನ್ನು ಕಳೆಯಬೇಕೋ ಅಷ್ಟನ್ನು ಕಳೆದೇ ಜನ ಕೇಳುತ್ತಿದ್ದರು. ಇಂದಿನ ಜಾಹೀರಾತೂ ಅದೇ ಜಾತಿಯದು. ಸೋಪು ಮಾಡುವವರು ತಮ್ಮ ಸೋಪಿಗೆ ಎಣೆಯಿಲ್ಲವೆಂದು ಗೋಡೆಯ ಮೇಲೆ ಬರೆಸಿದರೆ ಯಾರೂ ಮೋಸಹೋಗಬೇಕಾಗಿಲ್ಲ. ತಮ್ಮ ಮಜ್ಜಿಗೆ ಹುಳಿಯೆಂದು ಯಾರು ತಾನೆ ಹೇಳಿಯಾರು?

ನಾನು ಈ ಹೊತ್ತು ಮಾತನಾಡಹೊರಟಿರುವುದು ಇನ್ನೊಂದು ಬಗೆಯ ಹೊಗಳುಭಟ್ಟನನ್ನು ಕುರಿತು. ಅವನು ಅರಮನೆಯ ಉಡುಪನ್ನು ಕಳಚಿಟ್ಟು, ಜನರ ನಡುವೆ ಜನರಂತೆಯೇ ಕುಳಿತು ಹೊಗಳುವವನು. ಅವನ ಮಾತನ್ನೂ, ಒಂದು ವಸ್ತುವನ್ನು ನಿಜವಾಗಿ ಮೆಚ್ಚಿಕೊಂಡವನ ಮಾತನ್ನೂ ಬೇರ್ಪಡಿಸಿ ತಿಳಿಯುವ ಬಗೆ ಹೇಗೆ? ಹಾಗೆ ಬೇರ್ಪಡಿಸುವುದು ಅಗತ್ಯವಾದರೂ ಏಕೆ?

ನಮ್ಮ ವೃತ್ತಿನಾಟಕ ಕಂಪನಿಗಳ ಕಾಲದಲ್ಲಿ ಹಾಡೊಂದು ಮನಸ್ಸಿಗೆ ಹಿಡಿಸಿತೆಂದರೆ ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತಿತ್ತು. ನಟನು ಮತ್ತೊಮ್ಮೆ ಹಾಡುತ್ತಿದ್ದನು. ಟಿಕೆಟ್ಟಿಗೆ ಹಣ ತೆತ್ತವನ ಸಂತೋಷ ಆ ಕೂಗಿನಲ್ಲಿತ್ತು. ಇಂಥದೇ ಕೂಗು 19ನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಮಾರಾಟದ ಸರಕಾಯಿತು. 1820ರಲ್ಲಿ ಅಲ್ಲಿ ನಾಟಕಗಳಿಗೆ ಯಶಸ್ಸನ್ನು ಒದಗಿಸಿಕೊಡುವುದಕ್ಕೆಂದೇ ಒಂದು ಕಚೇರಿ ತೆರೆಯಿತು. ಹೀಗೆ ಬಾಡಿಗೆಗೆ ದೊರೆಯುತ್ತಿದ್ದ ಚಪ್ಪಾಳೆಯ ಪಡೆಗೆ ‘ಕ್ಲಾಕ್’ ಎಂದು ಹೆಸರು. ಆ ಪಡೆಯಲ್ಲಿ ಕೆಲಸದ ಹಂಚಿಕೆಯಿತ್ತು. ಹಾಸ್ಯದ ಸಂದರ್ಭದಲ್ಲಿ ಗಟ್ಟಿಯಾಗಿ ನಗುವವರು ಬೇರೆ. ಕರುಣದ ಸಂದರ್ಭದಲ್ಲಿ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುವವರು ಬೇರೆ, ಇವರು ಸಾಮಾನ್ಯವಾಗಿ ಹೆಂಗಸರು. ಮತ್ತೊಮ್ಮೆ ಎಂದು ಕೂಗುವವರು ಇನ್ನೊಂದು ತಂಡ. ನಾಟಕವನ್ನು ಮುಂಚಿತವಾಗಿ ಬಾಯಿಪಾಠ ಮಾಡಿಕೊಂಡು, ಅಂಕಗಳ ನಡುವೆ ಪಕ್ಕದವರಿಗೆ ಅದರ ಸೊಗಸನ್ನು ಎತ್ತಿ ತೋರಿಸುವುದು ಮತ್ತೆ ಕೆಲವರ ಕೆಲಸ. 1830ರ ದಶಕದಲ್ಲಿ ಪ್ಯಾರಿಸ್ ಆಪೆರಾದ ಚಪ್ಪಾಳೆಯ ಪಡೆಗೆ ಓಗ್ಯೂಸ್ಟ್ ಲೆವಾಸರ್ ಎಂಬಾತ ನಾಯಕನಾಗಿದ್ದ. ಆತ ತಾಲೀಮುಗಳಿಗೆ ಹೋಗಿ ಕುಳಿತು, ಎಲ್ಲಿ ಎಷ್ಟು ಚಪ್ಪಾಳೆ ಬೀಳಬೇಕೆಂಬುದನ್ನು ಮೊದಲೇ ಗೊತ್ತುಮಾಡುತ್ತಿದ್ದ.

ಇಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಚಪ್ಪಾಳೆಯೇ ಬೇಕಾಗಿದ್ದರೆ ಈ ಕೂಲಿಯವರನ್ನು ರಂಗದ ಮೇಲೆಯೇ ಸಾಲಾಗಿ ನಿಲ್ಲಿಸಬಹುದಾಗಿತ್ತಲ್ಲ? ಶಬ್ದ ಅಷ್ಟೇ ಬರುತ್ತಿತ್ತು. ಆದರೆ ಅದರಿಂದ ಪ್ರಯೋಜನವಿರಲಿಲ್ಲ. ಕೂಲಿಗಾರನು ಕೊಡುತ್ತಿದ್ದುದು ಕೇವಲ ಶಬ್ದವನ್ನಲ್ಲ; ಅವನ ಬೆಲೆಯೆಲ್ಲ ಅವನು ಕುಳಿತ ಜಾಗದಲ್ಲಿತ್ತು. ಅವನು ನನ್ನ ಪಕ್ಕದಲ್ಲಿ, ನನ್ನಂತೆಯೇ ಬಟ್ಟೆ ಹಾಕಿಕೊಂಡು, ನನ್ನಂತೆಯೇ ದುಡ್ಡು ಕೊಟ್ಟು ಬಂದವನೆಂದು ನಾನು ನಂಬಬೇಕಾಗಿತ್ತು. ಮಾರುವವನ ಮಾತನ್ನು ನಾವು ನಂಬುವುದಿಲ್ಲ, ಪಕ್ಕದವನ ಮಾತನ್ನು ನಂಬುತ್ತೇವೆ. ಇದನ್ನು ಬಲ್ಲ ವ್ಯಾಪಾರಿ ನಮ್ಮ ಪಕ್ಕದವನನ್ನೇ ಕೊಳ್ಳುತ್ತಾನೆ.

ಈ ಕಥೆ ಹಳೆಯ ಪ್ಯಾರಿಸ್ಸಿನಲ್ಲಿಯೇ ಮುಗಿಯಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ಬೆಳಕಿಗೆ ಬಂತು. ಸೋನಿ ಸಂಸ್ಥೆಯ ಚಲನಚಿತ್ರಗಳ ಜಾಹೀರಾತಿನಲ್ಲಿ ಡೇವಿಡ್ ಮ್ಯಾನಿಂಗ್ ಎಂಬ ವಿಮರ್ಶಕನ ಪ್ರಶಂಸೆ ಅಚ್ಚಾಗುತ್ತಿತ್ತು. ಆತ ಕನೆಕ್ಟಿಕಟ್ ರಾಜ್ಯದ ಒಂದು ಸಣ್ಣ ವಾರಪತ್ರಿಕೆಯವನೆಂದು ಹೇಳಲಾಗಿತ್ತು. ಪತ್ರಿಕೆ ಇದ್ದುದು ನಿಜ. ಆದರೆ ಅದರಲ್ಲಿ ಅಂಥ ವಿಮರ್ಶಕನಿರಲಿಲ್ಲ. ಅವನು ಆ ಸಂಸ್ಥೆಯ ಪ್ರಚಾರ ವಿಭಾಗದ ಸೃಷ್ಟಿ. ಅದೇ ವರ್ಷ, ಅದೇ ಸಂಸ್ಥೆಯ ಇಬ್ಬರು ನೌಕರರು ಸಾಮಾನ್ಯ ಪ್ರೇಕ್ಷಕರ ಸೋಗಿನಲ್ಲಿ ‘ದಿ ಪೇಟ್ರಿಯಟ್’ ಎಂಬ ಚಿತ್ರವನ್ನು ದೂರದರ್ಶನದ ಜಾಹೀರಾತಿನಲ್ಲಿ ಹೊಗಳಿದ್ದರೆಂಬ ಸಂಗತಿಯೂ ಹೊರಬಿತ್ತು. ಲೆವಾಸರನ ಪಡೆ ನಾಟಕಶಾಲೆಯಿಂದ ಎದ್ದು ಬೇರೆಡೆಗೆ ಬಂದು ಕುಳಿತಿತ್ತು, ಅಷ್ಟೆ.

ವಸ್ತು ನಿಜವಾಗಿಯೂ ಒಳ್ಳೆಯದಾಗಿದ್ದರೆ ಈ ಉಪಾಯದಲ್ಲಿ ತಪ್ಪೇನು ಎಂದು ಕೆಲವರು ಕೇಳಬಹುದು. ಅವರ ಪರವಾಗಿ ಹೇಳಬಹುದಾದ ಅತ್ಯುತ್ತಮ ಉದಾಹರಣೆಯನ್ನು ಸಾಹಿತ್ಯದಿಂದಲೇ ಕೊಡುತ್ತೇನೆ. ಅಮೆರಿಕದ ಮಹಾಕವಿ ವಾಲ್ಟ್ ವಿಟ್ಮನ್ 1855ರಲ್ಲಿ ‘ಲೀವ್ಸ್ ಆಫ್ ಗ್ರಾಸ್’ ಸಂಕಲನವನ್ನು ಪ್ರಕಟಿಸಿದಾಗ, ಅದನ್ನು ಹೊಗಳಿ ಮೂರು ಪತ್ರಿಕೆಗಳಿಗೆ ಹೆಸರಿಲ್ಲದ ವಿಮರ್ಶೆಗಳನ್ನು ಬರೆದ, ಬರೆದವನು ತಾನೇ! ಅದು ಮಹತ್ವದ ಕೃತಿಯೆಂಬುದನ್ನು ಕಾಲವೇ ತೀರ್ಮಾನಿಸಿತು. ಹಾಗಾದರೆ ಆತ ಸುಳ್ಳು ಹೇಳಿದಂತಾಯಿತೆ? ಪುಸ್ತಕದ ವಿಷಯದಲ್ಲಿ ಇಲ್ಲ, ಸಾಕ್ಷಿಯ ವಿಷಯದಲ್ಲಿ ಹೌದು. ಇಂಥ ಪುಸ್ತಕ ಬಂದಿದೆ ಎಂಬುದರ ಜೊತೆಗೆ, ಅದನ್ನು ಓದಿದ ಬೇರೊಬ್ಬನು ಬೆರಗಾಗಿದ್ದಾನೆ ಎಂದೂ ಆ ಬರಹಗಳು ಹೇಳುತ್ತಿದ್ದವು. ಆ ಬೇರೊಬ್ಬನು ಇರಲೇ ಇಲ್ಲ. ಅದೇ ವರ್ಷ ಎಮರ್ಸನ್ನರು ಆ ಕವಿಗೆ ಬರೆದ ಮೆಚ್ಚುಗೆಯ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದರ ಕೆಳಗೆ ಎಮರ್ಸನ್ನರ ರುಜುವಿತ್ತು. ಕವಿಗೂ ಅವರಿಗೂ ಕೊಡುಕೊಳುವ ಸಂಬಂಧವಿರಲಿಲ್ಲ. ಹೊಗಳಿಕೆ ಎರಡೂ ಕಡೆ ಒಂದೇ. ಸಾಕ್ಷಿ ಮಾತ್ರ ಒಂದು ಕಡೆ.

ಇನ್ನು ಇವೆರಡನ್ನೂ ಬೇರ್ಪಡಿಸುವ ಬಗೆ. ಗೃಹಿಣಿಯೊಬ್ಬಳು ತನ್ನ ನೆರೆಮನೆಯಾಕೆಗೆ ರುಬ್ಬುವ ಯಂತ್ರದ ವಿಷಯ ಹೇಳುವುದನ್ನು ಕೇಳಿ: ‘ಹಿಟ್ಟು ಚೆನ್ನಾಗಿ ಉಬ್ಬುತ್ತೆ ಕಣ್ರೀ, ಇಡ್ಲಿ ಹತ್ತಿಯ ಹಾಗೆ ಬರುತ್ತೆ. ಆದರೆ ಕಲ್ಲು ಎತ್ತಿ ತೊಳೆಯೋದೇ ಒಂದು ಕೆಲಸ. ಸ್ವಲ್ಪವೇ ಹಾಕಿದರೆ ನುಣ್ಣಗಾಗೋದಿಲ್ಲ. ನಿಮ್ಮ ಮನೇಲಿ ಇರೋದು ಇಬ್ಬರೇ ಅಲ್ವೆ, ನಿಮಗೆ ಬೇಡ ಬಿಡಿ.’ ಇದು ನಿಜವಾದ ಮೆಚ್ಚುಗೆ. ಇದಕ್ಕೆ ಅಂಚುಗಳಿವೆ. ವಸ್ತುವಿನ ಕುಂದು ಇದಕ್ಕೆ ಗೊತ್ತು. ಅದು ಯಾರಿಗೆ ಹೊಂದುವುದಿಲ್ಲವೆಂಬುದೂ ಗೊತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕೇಳುವವಳು ಕೊಳ್ಳದೆ ಹೋದರೂ ಹೇಳಿದವಳಿಗೆ ನಷ್ಟವಿಲ್ಲ. ಕೂಲಿಯ ಹೊಗಳಿಕೆಗೆ ‘ನಿಮಗೆ ಬೇಡ ಬಿಡಿ’ ಎನ್ನುವ ಸ್ವಾತಂತ್ರ್ಯವಿಲ್ಲ.

ಈ ತಿಳಿವಳಿಕೆಗೆ ಸಂಶೋಧನೆಯ ಬೆಂಬಲವೂ ಇದೆ. 2011ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ವಾಂಸರು ಷಿಕಾಗೋ ನಗರದ 20 ಹೋಟೆಲುಗಳನ್ನು ಹೊಗಳಿ ಪ್ರವಾಸಿಗರು ಬರೆದಿದ್ದ 400 ಅಭಿಪ್ರಾಯಗಳನ್ನು ಆರಿಸಿಕೊಂಡರು. ಅದೇ ಹೋಟೆಲುಗಳನ್ನು ಕುರಿತು, ಒಂದಕ್ಕೆ ಒಂದು ಡಾಲರಿನಂತೆ ಕೊಟ್ಟು, ಇನ್ನೂ 400 ಸುಳ್ಳು ಹೊಗಳಿಕೆಗಳನ್ನು ಬರೆಯಿಸಿದರು. ಇವುಗಳಲ್ಲಿ ಕೆಲವನ್ನು ಬೆರೆಸಿ ಮೂವರು ವಿದ್ಯಾರ್ಥಿಗಳ ಮುಂದಿಟ್ಟಾಗ, ಅವರ ತೀರ್ಪು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚು ಮೇಲಾಗಿರಲಿಲ್ಲ. ಪದಗಳನ್ನು ಎಣಿಸಿ ತೂಗುವ ಕಂಪ್ಯೂಟರು ಮಾತ್ರ ನೂರಕ್ಕೆ ಸುಮಾರು 90ರಷ್ಟನ್ನು ಸರಿಯಾಗಿ ಗುರುತಿಸಿತು. ನಿಜವಾಗಿ ತಂಗಿದ್ದವರು ಸ್ನಾನದ ಮನೆ, ಮಹಡಿ, ಕೋಣೆಯ ಅಳತೆ, ಹೋಟೆಲಿರುವ ಸ್ಥಳ ಇಂಥವುಗಳ ಮಾತನ್ನು ಹೆಚ್ಚಾಗಿ ಆಡಿದ್ದರು. ಹಣಕ್ಕಾಗಿ ಬರೆದವರು ಕೋಣೆಯನ್ನು ಕಂಡವರಲ್ಲ. ಆದ್ದರಿಂದ ‘ನಾನು’, ‘ನನ್ನ ಗಂಡ’, ‘ನಮ್ಮ ರಜೆ’ ಎಂದು ತಮ್ಮ ಕಥೆಯನ್ನೇ ಬೆಳೆಸಿದ್ದರು. ಕಂಡವನು ವಸ್ತುವಿನ ಬಗೆಗೆ ಮಾತನಾಡುತ್ತಾನೆ. ಕಾಣದವನು ತನ್ನ ಬಗೆಗೆ ಮಾತನಾಡುತ್ತಾನೆ.

ಆದರೆ ಈ ಲಕ್ಷಣಗಳೇ ಕೊನೆಯ ಮಾತಲ್ಲ. ಕೂಲಿಯವನೂ ಜಾಣನೇ. ಸಣ್ಣ ಕುಂದೊಂದನ್ನು ಹೇಳಿದರೆ ನಂಬಿಕೆ ಹುಟ್ಟುತ್ತದೆಂದು ತಿಳಿದ ದಿನ ಅವನು ಅದನ್ನೂ ಸೇರಿಸಿ ಬರೆಯುತ್ತಾನೆ. ಆದ್ದರಿಂದ ಏನು ಹೇಳಿದ ಎಂಬುದಕ್ಕಿಂತ ಯಾರು ಹೇಳಿದ, ಯಾರ ಅನ್ನವನ್ನು ಉಂಡು ಹೇಳಿದ ಎಂಬ ಹಳೆಯ ಪ್ರಶ್ನೆಗೇ ನಾವು ಹಿಂದಿರುಗಬೇಕಾಗುತ್ತದೆ. ಕಾನೂನೂ ಅಲ್ಲಿಗೇ ಬಂದಿದೆ. ನಮ್ಮ ದೇಶದಲ್ಲಿ 2022ರ ಜೂನ್ ತಿಂಗಳಿನಲ್ಲಿ ಹೊರಬಂದ ನಿಯಮಗಳ ಪ್ರಕಾರ, ಒಂದು ಸರಕನ್ನು ಹೊಗಳಿ ಶಿಫಾರಸು ಮಾಡುವವನಿಗೂ ಅದನ್ನು ಮಾರುವವನಿಗೂ ಸಂಬಂಧವಿದ್ದು, ಜನ ಅದನ್ನು ತಾವಾಗಿ ಊಹಿಸಲಾರರೆಂದಿದ್ದರೆ, ಆ ಸಂಬಂಧವನ್ನು ಹೇಳಲೇಬೇಕು. ಅದೇ ವರ್ಷದ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಗ್ರಾಹಕರ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸುವ ಕ್ರಮಕ್ಕೇ ಒಂದು ಮಾನಕವನ್ನು ಗೊತ್ತುಮಾಡಿತು. ಯಾವ ನಿಯಮವೂ ಹೊಗಳಬೇಡವೆನ್ನುವುದಿಲ್ಲ. ಕಳಚಿಟ್ಟ ಉಡುಪನ್ನು ಮತ್ತೆ ತೊಟ್ಟುಕೋ ಎನ್ನುತ್ತದೆ.

ಈ ಕಪಟದಿಂದ ಆಗುವ ನಷ್ಟ ಕೆಟ್ಟ ಸರಕನ್ನು ಕೊಂಡವನ ಹಣವಷ್ಟೇ ಎಂದು ನನಗೆ ತೋರುವುದಿಲ್ಲ. ಆ ಹಣವನ್ನು ನಾಳೆ ಮತ್ತೆ ಸಂಪಾದಿಸಬಹುದು. ಇದರಿಂದ ಹೆಚ್ಚಿನ ಹಾನಿ ಕೂಲಿಯಿಲ್ಲದೆ ಹೊಗಳಿದವನಿಗೆ. ಒಳ್ಳೆಯ ಪುಸ್ತಕವನ್ನು ಓದಿ ಹಿಗ್ಗಿ ಗೆಳೆಯನಿಗೆ ಹೇಳಲು ಬಂದವನನ್ನು, ‘ಇದರಲ್ಲಿ ನಿನಗೆಷ್ಟು?’ ಎಂದು ಗೆಳೆಯನು ಕೇಳುವ ದಿನ ಬಂದರೆ, ಸಂತೋಷವನ್ನು ಹಂಚಿಕೊಳ್ಳುವ ಒಂದು ದಾರಿಯೇ ಮುಚ್ಚಿದಂತೆ. ಅಪರಿಚಿತರ ಒಳ್ಳೆಯ ಮಾತನ್ನು ನಂಬಿ ಎಷ್ಟು ವೈದ್ಯರನ್ನು, ಎಷ್ಟು ಊರುಗಳನ್ನು, ಎಷ್ಟು ಕವಿಗಳನ್ನು ನಾವು ಕಂಡುಕೊಂಡಿದ್ದೇವೆ! ಖೋಟಾ ನಾಣ್ಯ ಹೆಚ್ಚಾದ ಸಂತೆಯಲ್ಲಿ ಒಳ್ಳೆಯ ನಾಣ್ಯವನ್ನೂ ಕಚ್ಚಿ ನೋಡುತ್ತಾರೆ.

ಸಾಹಿತ್ಯದಲ್ಲಿ ಆಸಕ್ತರಾದ ನಮಗೂ ಇದರಲ್ಲಿ ಒಂದು ಪಾಲಿದೆ. ಮುನ್ನುಡಿ, ಬೆನ್ನುಡಿ, ಪುಸ್ತಕ ವಿಮರ್ಶೆಗಳನ್ನು ಬರೆಯುವವರು ನಾವೇ. ಸೋದರಳಿಯನ ಕವನಗಳು ಒಳ್ಳೆಯವಾಗಿದ್ದರೆ ಧಾರಾಳವಾಗಿ ಹೊಗಳೋಣ. ಆದರೆ ಅವನು ನಮ್ಮ ಸೋದರಳಿಯನೆಂಬುದನ್ನೂ ಒಂದು ಸಾಲಿನಲ್ಲಿ ಹೇಳೋಣ. ಅಷ್ಟನ್ನು ಕಳೆದುಕೊಂಡು ಉಳಿದದ್ದನ್ನು ಓದುಗರು ನಂಬುತ್ತಾರೆ.