ನಡುವೆ ನಿಂತವರು ಯಾರ ಕಡೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



'ಬಿಬಿಸಿಯಲ್ಲೇ ಬಂದಿದೆ' ಅಂದರೆ ಮುಗೀತು, ಮುಂದೆ ಮಾತಿಲ್ಲ. ರೇಡಿಯೋ ಕೇಳುತ್ತಿದ್ದ ಹಿರಿಯರು ಹಾಗೆ ಹೇಳುತ್ತಿದ್ದರು. ನಾಲ್ಕಕ್ಷರ ಕಲಿತ ನಾವೂ ಹಾಗೇ ಹೇಳ್ತೇವೆ. ಬ್ರಿಟನ್ನಿನ ಸುದ್ದಿ ಪ್ರಸಾರಕ್ಕೆ ಅಂಥ ಹೆಸರು. ಅದು ಯಾವ ಪಕ್ಷಕ್ಕೂ ಸೇರಿದ್ದಲ್ಲ, ಎರಡೂ ಕಡೆಯವರ ಮಾತನ್ನು ಕೇಳಿಸುತ್ತೆ, ತಾನು ಮಾತ್ರ ನಡುವೆ ನಿಲ್ಲುತ್ತೆ ಅನ್ನೋ ಹೆಸರು. ಇವತ್ತು ಆ 'ನಡುವೆ' ಅನ್ನೋ ಜಾಗ ಎಲ್ಲಿದೆ ಅಂತ ಹುಡುಕೋಣ.

ಊರ ಪಂಚಾಯ್ತಿಯಲ್ಲೂ ಇಬ್ಬರ ಮಾತನ್ನೂ ಕೇಳ್ತಾರೆ. ಒಬ್ಬ ಕಟ್ಟೆ ಮೇಲೆ ಕೂತು ಹೇಳ್ತಾನೆ, ಇನ್ನೊಬ್ಬ ಕೆಳಗೆ ಕೈಕಟ್ಟಿ ನಿಂತು ಹೇಳ್ತಾನೆ. ಆಮೇಲೆ 'ಎರಡೂ ಕಡೆ ವಿಚಾರಿಸಿದೆವು' ಅಂತ ತೀರ್ಪಾಗುತ್ತೆ. ಇದನ್ನು ಕಂಡು ಬೆಳೆದ ನಮಗೆ ಅನುಮಾನ ಬರೋದು ಸಹಜ. ಆದರೆ ಬರೀ ಅನುಮಾನದಿಂದ ಮಾತಾಡೋದು ಬೇಡ. ನಡೆದದ್ದನ್ನು ಮುಂದಿಟ್ಟುಕೊಂಡು ಮಾತಾಡೋಣ.

ಮೊದಲು ಅಲ್ಲಿನ ಕಟ್ಟುಪಾಡು ಏನು ಅಂತ ತಿಳಿಯಬೇಕು. 1922ರಲ್ಲಿ ಖಾಸಗಿ ಕಂಪನಿಯಾಗಿ ಹುಟ್ಟಿದ ಬಿಬಿಸಿ, 1927ರ ಜನವರಿ 1ರಿಂದ ರಾಜಸನದಿನ ಸಾರ್ವಜನಿಕ ಸಂಸ್ಥೆಯಾಯಿತು. ಟಿ.ವಿ. ಇರುವ ಮನೆಗಳವರು ಕಟ್ಟುವ ಲೈಸೆನ್ಸ್ ಹಣವೇ ಅದರ ಮುಖ್ಯ ಆದಾಯ. ಆ ಹಣ ಎಷ್ಟು ಅಂತ ಗೊತ್ತುಮಾಡೋದು ಸರ್ಕಾರ. ಸನದನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು. ಈಗಿನದು 2027ರ ಕೊನೆಗೆ ಮುಗಿಯುತ್ತೆ. 1955ರಲ್ಲಿ ಜಾಹೀರಾತಿನ ಹಣದಿಂದ ನಡೆಯುವ ಐಟಿವಿ ಬಂತು. ಅದೂ ಸುದ್ದಿಯಲ್ಲಿ ಪಕ್ಷಪಾತ ಮಾಡಬಾರದು ಅಂತ 1954ರ ಕಾನೂನೇ ಹೇಳಿತ್ತು. ಈಗ 2003ರ ಕಾನೂನಿದೆ, ಮೇಲ್ವಿಚಾರಣೆಗೆ ಆಫ್‌ಕಾಂ ಎಂಬ ಸಂಸ್ಥೆ ಇದೆ. ಪತ್ರಿಕೆಗಳಿಗೆ ಈ ನಿಯಮ ಇಲ್ಲ. ಅವು ಬಹಿರಂಗವಾಗಿಯೇ ಇಂಥ ಪಕ್ಷಕ್ಕೆ ಓಟು ಹಾಕಿ ಅಂತ ಬರೀಬಹುದು, ಬರೀತಾವೆ.

ಕಾಗದದ ಮೇಲೆ ಇದು ಚೆನ್ನಾಗೇ ಇದೆ. ಕಷ್ಟ ಬಂದ ದಿನ ಏನಾಯ್ತು ನೋಡೋಣ.

1926ರ ಮೇ ತಿಂಗಳು. ಗಣಿ ಮಾಲೀಕರು ಕಲ್ಲಿದ್ದಲು ಗಣಿ ಕಾರ್ಮಿಕರ ಕೂಲಿ ಇಳಿಸಿ ದುಡಿಮೆಯ ಹೊತ್ತು ಹೆಚ್ಚಿಸಲು ಹೊರಟಿದ್ದರು. ಅವರ ಬೆಂಬಲಕ್ಕೆ ದೇಶದ ಲಕ್ಷಾಂತರ ಕಾರ್ಮಿಕರು 3ರ ನಡುರಾತ್ರಿಯಿಂದ ಮುಷ್ಕರ ಹೂಡಿದರು. ಅಚ್ಚುಮೊಳೆ ಜೋಡಿಸುವವರೂ ಮುಷ್ಕರದಲ್ಲಿದ್ದರು, ಹೆಚ್ಚಿನ ಪತ್ರಿಕೆಗಳು ನಿಂತುಹೋದವು. ಜನಕ್ಕೆ ಉಳಿದದ್ದು ರೇಡಿಯೋ. ಅದನ್ನು ಸರ್ಕಾರವೇ ವಶಪಡಿಸಿಕೊಳ್ಳಬೇಕು ಅಂತ ಚರ್ಚಿಲ್ ಹಠ ಹಿಡಿದರು. ಪ್ರಧಾನಿ ಬಾಲ್ಡ್‌ವಿನ್ ಒಪ್ಪಲಿಲ್ಲ. ಆಹಾ, ಎಂಥ ಉದಾರತೆ ಅನ್ನಿಸುತ್ತೆ ಅಲ್ಲವೇ? ಆಗ ಬಿಬಿಸಿಯ ಮುಖ್ಯಸ್ಥರಾಗಿದ್ದ ಜಾನ್ ರೀತ್ ತಮ್ಮ ದಿನಚರಿಯಲ್ಲಿ ಇದರ ಗುಟ್ಟನ್ನು ಬರೆದಿಟ್ಟಿದ್ದಾರೆ. ವಶಪಡಿಸಿಕೊಳ್ಳಲಿಲ್ಲ ಎಂಬ ಹೆಸರೂ ಸರ್ಕಾರಕ್ಕೆ ಬೇಕಿತ್ತು. ನಾವು ನಿಜವಾಗಿ ನಿಷ್ಪಕ್ಷಪಾತವಾಗಿರುವುದಿಲ್ಲ ಎಂಬ ಭರವಸೆಯೂ ಅದಕ್ಕಿತ್ತು ಎಂಬ ಅರ್ಥದ ಮಾತು ಅದು.

ಹಾಗೇ ನಡೀತು. ಪ್ರಧಾನಿ ಬಾನುಲಿಯಲ್ಲಿ ಮಾತಾಡಿದರು, ಅದೂ ರೀತ್ ಅವರ ಮನೆಯಿಂದಲೇ. ಲೇಬರ್ ಪಕ್ಷದ ನಾಯಕ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಅವಕಾಶ ಕೇಳಿದರೆ ಸಿಗಲಿಲ್ಲ. ರಾಜಿ ಮಾಡಿಕೊಳ್ಳಿ ಅಂತ ಕರೆ ಕೊಡಲು ಹೊರಟ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರನ್ನೂ ಕೇಳಿದ ದಿನ ಬಿಡಲಿಲ್ಲ. ಯಾರೂ ಬಾಯಿ ಕಟ್ಟಿರಲಿಲ್ಲ ಗೆಳೆಯರೇ. ಕಟ್ಟುವ ಅಗತ್ಯವೇ ಬೀಳಲಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1956ರಲ್ಲಿ ಬ್ರಿಟನ್ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ, ಪ್ರಧಾನಿ ಈಡನ್ ಅವರಿಗೆ ಎಷ್ಟೇ ಸಿಟ್ಟು ಬಂದರೂ ವಿರೋಧ ಪಕ್ಷದ ನಾಯಕ ಗೈಟ್‌ಸ್ಕೆಲ್ ಅವರ ಉತ್ತರವನ್ನು ಬಿಬಿಸಿ ಪ್ರಸಾರ ಮಾಡಿತು. ಅದು ದಿಟ್ಟತನವೇ. ಆದರೆ ಗಮನಿಸಿ: ಅಲ್ಲಿ ಜಗಳ ಪಾರ್ಲಿಮೆಂಟಿನ ಎರಡು ಬೆಂಚುಗಳ ನಡುವೆ ಇತ್ತು. ಎರಡು ಬೆಂಚುಗಳ ನಡುವೆ ತಕ್ಕಡಿ ಹಿಡಿಯೋದು ಅವರಿಗೆ ಬರುತ್ತೆ. ಬೆಂಚೇ ಇಲ್ಲದವರ ಮಾತು ಬಂದಾಗ ಏನಾಗುತ್ತೆ?

1984. ಮತ್ತೆ ಕಲ್ಲಿದ್ದಲು ಗಣಿ, ಮತ್ತೆ ಮುಷ್ಕರ. ಥ್ಯಾಚರ್ ಸರ್ಕಾರದ ಕಾಲದಲ್ಲಿ ಗಣಿಗಳನ್ನು ಮುಚ್ಚುವುದರ ವಿರುದ್ಧ. ಜೂನ್ 18ರಂದು ದಕ್ಷಿಣ ಯಾರ್ಕ್‌ಷೈರಿನ ಆರ್ಗ್ರೀವ್ ಎಂಬಲ್ಲಿ, ಕೋಕ್ ತಯಾರಿಸುವ ಕಾರ್ಖಾನೆಯ ಮುಂದೆ ಸಾವಿರಾರು ಕಾರ್ಮಿಕರು ಸೇರಿದ್ದರು. ಕುದುರೆ ಪೊಲೀಸರು ಅವರ ಮೇಲೆ ನುಗ್ಗಿದರು. ಆ ಸಂಜೆ ಬಿಬಿಸಿ ಸುದ್ದಿಯಲ್ಲಿ ಜನ ಕಂಡದ್ದು: ಕಾರ್ಮಿಕರು ಕಲ್ಲು ಎಸೆದರು, ಆಮೇಲೆ ಕುದುರೆಗಳು ನುಗ್ಗಿದವು. ಅಲ್ಲಿದ್ದ ಕಾರ್ಮಿಕರು ಹೇಳಿದ್ದು: ಕುದುರೆ ಮೊದಲು, ಕಲ್ಲು ಆಮೇಲೆ.

ಚಿತ್ರ ಸುಳ್ಳಲ್ಲ. ಕಲ್ಲೂ ನಿಜ, ಕುದುರೆಯೂ ನಿಜ. ಯಾವುದು ಮುಂಚೆ ಅನ್ನೋದರಲ್ಲಿ ಇತ್ತು ಎಲ್ಲಾ. ಮುಂಚೆ ಬಂದದ್ದು ಅಪರಾಧ, ಆಮೇಲೆ ಬಂದದ್ದು ಶಿಕ್ಷೆ ಅಂತ ನೋಡುವವರ ಮನಸ್ಸು ತಾನೇ ಲೆಕ್ಕ ಹಾಕಿಬಿಡುತ್ತೆ. 95 ಮಂದಿಯ ಮೇಲೆ ಗಲಭೆ ಮುಂತಾದ ಆಪಾದನೆ ಹೊರಿಸಿದರು. 1985ರಲ್ಲಿ ಕೋರ್ಟಿನಲ್ಲಿ ಪೊಲೀಸರ ಸಾಕ್ಷ್ಯ ನಿಲ್ಲದೆ ಮೊಕದ್ದಮೆ ಬಿದ್ದುಹೋಯಿತು. 1991ರಲ್ಲಿ ಪೊಲೀಸ್ ಇಲಾಖೆ 39 ಕಾರ್ಮಿಕರಿಗೆ 4,25,000 ಪೌಂಡ್ ಪರಿಹಾರ ಕೊಟ್ಟಿತು. ದೃಶ್ಯಗಳ ಕ್ರಮ ಅಚಾತುರ್ಯದಿಂದ ತಿರುಗುಮುರುಗಾಯಿತು ಅಂತ ಬಿಬಿಸಿ ಒಪ್ಪಿಕೊಂಡದ್ದೂ 1991ರಲ್ಲೇ. ಏಳು ವರ್ಷ! ಅಷ್ಟರಲ್ಲಿ ಮುಷ್ಕರ ಸೋತಿತ್ತು, ಎಷ್ಟೋ ಗಣಿಗಳು ಮುಚ್ಚಿದ್ದವು. ಆರ್ಗ್ರೀವ್ ಬಗ್ಗೆ ಸರ್ಕಾರ ವಿಚಾರಣೆ ಘೋಷಿಸಿದ್ದು 2025ರ ಜುಲೈನಲ್ಲಿ, 41 ವರ್ಷದ ಮೇಲೆ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 2024ರ ಅಕ್ಟೋಬರಿನಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಅಮೆರಿಕದ ಡೊನಾಲ್ಡ್ ಟ್ರಂಪ್ 2021ರ ಜನವರಿ 6ರಂದು ಮಾಡಿದ ಭಾಷಣವನ್ನು ತೋರಿಸಿತು. ಸುಮಾರು 50 ನಿಮಿಷಗಳ ಅಂತರದಲ್ಲಿ ಆಡಿದ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡಿದಂತೆ ಕೂಡಿಸಿದ್ದರು. ಇದು ತಪ್ಪು. ಟ್ರಂಪ್ ಅಂದರೆ ನಮಗೆ ಇಷ್ಟವೋ ಇಲ್ಲವೋ, ಇದು ತಪ್ಪೇ. ಈ ವಿಷಯ ಪತ್ರಿಕೆಗಳಲ್ಲಿ ಬಯಲಾದದ್ದು 2025ರ ನವೆಂಬರಿನ ಮೊದಲ ವಾರ. ನವೆಂಬರ್ 9ಕ್ಕೆ ಬಿಬಿಸಿಯ ಮಹಾ ನಿರ್ದೇಶಕ ಟಿಮ್ ಡೇವಿ, ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ಇಬ್ಬರೂ ರಾಜೀನಾಮೆ ಕೊಟ್ಟರು. ಸುದ್ದಿಯಲ್ಲಿ ಪಕ್ಷಪಾತವಿದೆ ಎಂಬ ಬೇರೆ ದೂರುಗಳೂ ಅದಕ್ಕೆ ಸೇರಿದ್ದವು, ನಿಜ. ಆದರೂ ಲೆಕ್ಕ ಹಾಕಿ. ಅಧ್ಯಕ್ಷನ ಭಾಷಣದ ಕ್ರಮ ಕೆಟ್ಟರೆ ಒಂದು ವಾರ. ಗಣಿ ಕಾರ್ಮಿಕರ ಮೇಲಾದ ಹಲ್ಲೆಯ ಕ್ರಮ ಕೆಟ್ಟರೆ ಏಳು ವರ್ಷ.

ನಾವು ಹೇಳಬೇಕೆಂದಿರುವುದು ಇದೇ. ತಪ್ಪು ಎಲ್ಲರಿಂದಲೂ ಆಗುತ್ತೆ. ಆ ತಪ್ಪು ಯಾರಿಗೆ ಆಯ್ತು, ತಿದ್ದಲು ಎಷ್ಟು ಕಾಲ ಹಿಡೀತು ಅನ್ನೋದರಲ್ಲಿ ಪಕ್ಷಪಾತದ ಅಳತೆ ಇದೆ.

'ಬಲದವರೂ ಬೈತಾರೆ, ಎಡದವರೂ ಬೈತಾರೆ, ಆದ್ದರಿಂದ ನಾವು ಸರಿಯಾಗಿ ನಡುವೆ ಇದ್ದೇವೆ' ಅಂತ ಸುದ್ದಿಮನೆಯವರು ಹೇಳೋದುಂಟು. ಈ ವಾದಕ್ಕೆ ಬುಡವಿಲ್ಲ. ಇಬ್ಬರು ಬೈದರೆ ಇಬ್ಬರ ದೂರನ್ನೂ ಬೇರೆ ಬೇರೆಯಾಗಿ ತೂಗಬೇಕು. ಬೈಗುಳಕ್ಕೆ ಬೈಗುಳ ವಜಾ ಆಗೋದಿಲ್ಲ.

ಇನ್ನು ಕೆಲವು ವಿಷಯಗಳಲ್ಲಿ ನಡುವೆ ಅನ್ನೋ ಜಾಗವೇ ಇಲ್ಲ. 2019ರ ಜುಲೈನಲ್ಲಿ ಟ್ರಂಪ್, ಅಮೆರಿಕದ ನಾಲ್ವರು ಸಂಸದೆಯರಿಗೆ, ಬಂದ ದೇಶಕ್ಕೇ ವಾಪಸು ಹೋಗಿ ಎಂಬಂತೆ ಬರೆದರು. ನಾಲ್ವರಲ್ಲಿ ಮೂವರು ಹುಟ್ಟಿದ್ದೇ ಅಮೆರಿಕದಲ್ಲಿ! ಬಿಬಿಸಿಯ ಬೆಳಗಿನ ಕಾರ್ಯಕ್ರಮದ ನಿರೂಪಕಿ ನಾಗಾ ಮುಂಚೆಟ್ಟಿ, ಅವರ ತಾಯಿ ಭಾರತದವರು, ತನಗೂ ಜನ ಹೀಗೆ ಹೇಳಿದ್ದುಂಟು, ಅದರ ಬೇರು ಜನಾಂಗ ದ್ವೇಷದಲ್ಲಿತ್ತು ಅಂದರು. ಸೆಪ್ಟೆಂಬರಿನಲ್ಲಿ ಬಿಬಿಸಿಯ ದೂರು ವಿಭಾಗ, ಆಕೆ ನಿಷ್ಪಕ್ಷಪಾತದ ಗೆರೆ ದಾಟಿದರು ಅಂತ ತೀರ್ಮಾನಿಸಿತು. ಕೇಳುಗರು, ಪತ್ರಕರ್ತರು, ಕಲಾವಿದರು ಪ್ರತಿಭಟಿಸಿದರು. ಆಗಿನ ಮಹಾ ನಿರ್ದೇಶಕ ಟೋನಿ ಹಾಲ್ ಸೆಪ್ಟೆಂಬರ್ 30ರಂದು ಆ ತೀರ್ಮಾನ ರದ್ದು ಮಾಡಬೇಕಾಯಿತು. ಅವಮಾನ ಮಾಡಿದವನಿಗೂ ಅವಮಾನ ಉಂಡವರಿಗೂ ನಡುವೆ ನಿಲ್ಲುತ್ತೇನೆ ಅನ್ನುವವನು ಎಲ್ಲಿ ನಿಂತಿರ್ತಾನೆ ಅಂತ ನಿಮಗೆ ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಈ ನಿಷ್ಪಕ್ಷಪಾತದ ನಿಯಮವನ್ನೇ ಕಿತ್ತು ಬಿಸಾಕೋಣವೇ? ಬೇಡ. ಅವಸರ ಪಡಬೇಡಿ. ನಿಯಮ ಇದ್ದದ್ದರಿಂದಲೇ ಗಣಿ ಕಾರ್ಮಿಕರು 'ನೀವು ನಿಮ್ಮ ಮಾತಿಗೆ ತಪ್ಪಿದ್ದೀರಿ' ಅಂತ ಕೇಳಲು ಸಾಧ್ಯವಾಯ್ತು. 2019ರಲ್ಲಿ ತೀರ್ಮಾನ ತಿರುಗಿದ್ದೂ ಜನ ಆ ನಿಯಮದ ಅರ್ಥಕ್ಕಾಗಿ ಜಗಳ ಆಡಿದ್ದರಿಂದ. ನಿಯಮ ಹೋದರೆ ಉಳಿಯೋದು ದುಡ್ಡಿದ್ದವನ ಚಾನೆಲ್ಲು. ಕೊಟ್ಟ ಮಾತನ್ನು ಹಿಡಿದು ಕೇಳೋದು ನಮ್ಮಂಥವರಿಗೆ ಬೇಕು.

ಇವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಯಾವ ದೇಶದ ಸುದ್ದಿಯನ್ನಾದರೂ ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲು ತೋರಿಸಿದ್ದು ಕಲ್ಲನ್ನೋ, ಕುದುರೆಯನ್ನೋ? ಯಾರಿಗೆ ಹೆಸರು ಮತ್ತು ಹುದ್ದೆ ಇದೆ, ಯಾರು ಬರೀ 'ಗುಂಪು'? ತಪ್ಪಾಗಿದ್ದರೆ ತಿದ್ದಲು ಎಷ್ಟು ದಿನ ಹಿಡೀತು? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಮುಂದಿನ ಸಲ ಸೇರಿದಾಗ ಅದನ್ನೇ ಓದೋಣ.